ಮೊದಲು ಒತ್ತಿದ್ದು ಯಾರು? ಕ್ವಿಜ್ ಬಜರ್ ಕೈಕೊಟ್ಟಾಗ ದೋಷ ಹುಡುಕುವ ಬಗೆ

ಬಜರ್ ಪೂರ್ತಿ ಸತ್ತುಹೋದರೆ ಯಾರಿಗಾದರೂ ಗೊತ್ತಾಗುತ್ತದೆ. ಒತ್ತಿದ ಹುಡುಗಿ ಕೈ ಎತ್ತುತ್ತಾಳೆ, ಮೇಷ್ಟ್ರು ಬಂದು ನೋಡುತ್ತಾರೆ, ಬೇರೆ ಪ್ರಶ್ನೆ ಕೇಳುತ್ತಾರೆ. ಆದರೆ ಬಜರ್ ಚೆನ್ನಾಗಿ ಕೂಗುತ್ತಾ ತಪ್ಪು ತಂಡದ ಹೆಸರು ತೋರಿಸುತ್ತಿದ್ದರೆ ಅದನ್ನು ಹಿಡಿಯುವವರೇ ಇರುವುದಿಲ್ಲ. "ಸಾರ್, ನಾವೇ ಮೊದಲು ಒತ್ತಿದ್ದು" ಎಂದು ಒಬ್ಬ ಹುಡುಗ ಹೇಳುತ್ತಾನೆ. "ಕಂಪ್ಯೂಟರ್ ಸುಳ್ಳು ಹೇಳುತ್ತೇನಪ್ಪಾ?" ಎಂದು ಅವನನ್ನು ಕೂರಿಸುತ್ತಾರೆ. ಮನೆಯಲ್ಲೇ ಕಟ್ಟಿದ ಬಜರ್ ಆ ಹುಡುಗನಿಗೆ ಅನ್ಯಾಯ ಮಾಡಬಾರದು. ಈ ಕೈಪಿಡಿ ಬರೆಯಲು ಮುಖ್ಯ ಕಾರಣ ಅದೇ. ಹಾಗಾಗಿ ಬಜರ್ ಕೂಗದಿರುವ ತೊಂದರೆಗಳಿಗಿಂತ ತಪ್ಪಾಗಿ ಕೂಗುವ ತೊಂದರೆಗಳಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕೋಲಾರ, ಮಾಲೂರು, ಮುಳಬಾಗಿಲು ಕಡೆ ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಕ್ವಿಜ್ ಶುರು. ಪ್ರಶ್ನೆಗಳಲ್ಲಿ ಊರಿನವು ಇದ್ದೇ ಇರುತ್ತವೆ: ಮಾಸ್ತಿಯವರಿಗೆ ಯಾವ ವರ್ಷದ ಜ್ಞಾನಪೀಠ, ಡಿವಿಜಿ ಹುಟ್ಟಿದ್ದು ಎಲ್ಲಿ, ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿದದ್ದು ಯಾವಾಗ. 1983, ಮುಳಬಾಗಿಲು, 1902. ಇಲ್ಲಿನ ಮಕ್ಕಳಿಗೆ ಇವೆಲ್ಲ ಬಾಯಿಪಾಠ. ಹೀಗಾಗಿ ಪ್ರಶ್ನೆಯ ಕೊನೆಯ ಅಕ್ಷರ ಬೀಳುವ ಮೊದಲೇ ಆರೂ ಮೇಜಿನ ಕೈಗಳು ಒಟ್ಟಿಗೆ ಬಟನ್ ಮೇಲೆ ಬೀಳುತ್ತವೆ. ಬಜರಿನ ನಿಜವಾದ ಪರೀಕ್ಷೆ ಆಗುವುದು ಇಂಥ ಸುಲಭದ ಪ್ರಶ್ನೆಗಳಲ್ಲೇ.

ನಾನು ಮಾತಾಡುತ್ತಿರುವ ವ್ಯವಸ್ಥೆ ಹೀಗಿದೆ. ಆರು ಮೇಜು, ಮೇಜಿಗೊಂದು ದೊಡ್ಡ ಬಟನ್, ಅಲ್ಲಿಂದ ಹತ್ತಿಪ್ಪತ್ತು ಮೀಟರ್ ಲ್ಯಾನ್ ಕೇಬಲ್, ಎಲ್ಲವೂ ಬಂದು ಸೇರುವ ಒಂದು ಡಬ್ಬಿ, ಡಬ್ಬಿಯಿಂದ ಲ್ಯಾಪ್‌ಟಾಪಿಗೆ ಯುಎಸ್‌ಬಿ. ಡಬ್ಬಿಯೊಳಗೆ ಮೂರರಲ್ಲಿ ಒಂದು ಇರುತ್ತದೆ: ಹಳೆ ಕೀಬೋರ್ಡ್ ಬಿಚ್ಚಿ ತೆಗೆದ ಬೋರ್ಡು, ತಾನೇ ಕೀಬೋರ್ಡ್ ಎಂದು ಹೇಳಿಕೊಳ್ಳಬಲ್ಲ, ಪ್ರೋಗ್ರಾಂ ಹಾಕಿ ಬಳಸುವ ಪುಟ್ಟ ಬೋರ್ಡಾದ ಆರ್ಡುಯಿನೊ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ, ಇಲ್ಲವೇ ಸೀರಿಯಲ್ ಪೋರ್ಟಿನ ಮೂಲಕ ಮಾತಾಡುವ ಆರ್ಡುಯಿನೊ ಊನೊ ಅಥವಾ ನ್ಯಾನೊ. ದೋಷ ಹುಡುಕುವ ಮೊದಲು ನಿಮ್ಮದು ಯಾವುದೆಂದು ತಿಳಿದಿರಬೇಕು. ಊನೊದಲ್ಲಿರುವ 328ಪಿ ಚಿಪ್ ನೇರವಾಗಿ ಕೀಬೋರ್ಡ್ ಆಗಲಾರದು. ಲಿಯೊನಾರ್ಡೊದ 32ಯು4 ಆಗಬಲ್ಲದು. ಒಂದರ ಪ್ರೋಗ್ರಾಂ ಇನ್ನೊಂದಕ್ಕೆ ಹಾಕಲು ಹೋಗಿ ಕಂಪೈಲ್ ಆಗದೆ ಒದ್ದಾಡುವವರೇ ಹೆಚ್ಚು.

ದೋಷ ಡಬ್ಬಿಯ ಆಚೆಯೋ ಈಚೆಯೋ

ಪ್ರೋಗ್ರಾಂ ತೆರೆದು ಸಾಲು ಸಾಲು ನೋಡುವ ಮೊದಲು ಒಂದು ತುಂಡು ವೈರು ಕೈಗೆ ತೆಗೆದುಕೊಳ್ಳಿ. ತೊಂದರೆ ಕೊಡುವ ತಂಡದ ಕೇಬಲ್ಲನ್ನು ಡಬ್ಬಿಯಿಂದ ಕಿತ್ತು, ಆ ಜಾಗದ ಎರಡು ಪಾಯಿಂಟುಗಳನ್ನು ವೈರಿನಿಂದ ಒಮ್ಮೆ ಮುಟ್ಟಿಸಿ. ಬಜರ್ ಕೂಗಿದರೆ ಡಬ್ಬಿ, ಯುಎಸ್‌ಬಿ, ಪ್ರೋಗ್ರಾಂ ಎಲ್ಲವೂ ಸರಿ. ದೋಷ ಕೇಬಲ್ಲಿನಲ್ಲೋ ಬಟನ್ನಿನಲ್ಲೋ ಇದೆ. ಕೂಗದಿದ್ದರೆ ಬಟನ್ ಕಡೆ ತಲೆ ಕೆಡಿಸಿಕೊಳ್ಳಬೇಡಿ. ಅರ್ಧ ನಿಮಿಷದ ಈ ಕೆಲಸ ಅರ್ಧ ದಿನ ಉಳಿಸುತ್ತದೆ.

ಈಚೆ ಕಡೆಯನ್ನೂ ಹೀಗೇ ಎರಡು ಭಾಗ ಮಾಡಬಹುದು. ಕೀಬೋರ್ಡ್ ಬಗೆಯ ಡಬ್ಬಿಯಾದರೆ ಕ್ವಿಜ್ ಪ್ರೋಗ್ರಾಂ ಮುಚ್ಚಿ ನೋಟ್‌ಪ್ಯಾಡ್ ತೆರೆದು ಬಟನ್ ಒತ್ತಿ. ಅಕ್ಷರ ಬಿದ್ದರೆ ಡಬ್ಬಿ ಸರಿ, ತೊಂದರೆ ಕ್ವಿಜ್ ಪ್ರೋಗ್ರಾಮಿನದು. ಸೀರಿಯಲ್ ಬಗೆಯದಾದರೆ, ಬೋರ್ಡು ಕಳಿಸಿದ್ದನ್ನು ತೋರಿಸುವ ಸೀರಿಯಲ್ ಮಾನಿಟರ್‌ನಲ್ಲಿ ನೋಡಿ. ನೋಡಿದ ಮೇಲೆ ಮಾನಿಟರನ್ನು ಮುಚ್ಚಲು ಮರೆಯಬೇಡಿ. ಅದು ತೆರೆದಿರುವ ತನಕ ಪೋರ್ಟು ಅದರ ವಶದಲ್ಲೇ ಇರುತ್ತದೆ, ಕ್ವಿಜ್ ಪ್ರೋಗ್ರಾಮಿಗೆ ಸಿಗುವುದಿಲ್ಲ.

ಒತ್ತಿದರೂ ಸದ್ದಿಲ್ಲ

ಒಂದೇ ತಂಡದ್ದು ಸತ್ತಿದ್ದರೆ ಕೇಬಲ್ ನೋಡಿ. ಮಲ್ಟಿಮೀಟರನ್ನು ಬೀಪ್‌ಗೆ (ಸಂಪರ್ಕ ಇದ್ದರೆ ಕೂಗುವ ಸ್ಥಾನಕ್ಕೆ) ಇಟ್ಟು ಡಬ್ಬಿಯ ಕಡೆಯ ತುದಿಗೆ ಹಚ್ಚಿ, ಯಾರಿಗಾದರೂ ಬಟನ್ ಒತ್ತಿ ಹಿಡಿಯಲು ಹೇಳಿ, ಕೇಬಲ್ಲನ್ನು ಒಂದು ತುದಿಯಿಂದ ಮೆಲ್ಲಗೆ ಬಗ್ಗಿಸುತ್ತಾ ಬನ್ನಿ. ಬೀಪ್ ತುಂಡಾದ ಜಾಗವೇ ಮುರಿದ ಜಾಗ. ಬಹುಪಾಲು ಅದು ಬಟನ್ ಡಬ್ಬಿಯೊಳಗೆ ವೈರು ಹೋಗುವ ತೂತಿನ ಬಳಿ ಇರುತ್ತದೆ, ಏಕೆಂದರೆ ಮಕ್ಕಳು ಬಟನ್ನನ್ನು ತಮ್ಮ ಕಡೆ ಎಳೆದುಕೊಂಡಾಗ ಭಾರವೆಲ್ಲ ಬೀಳುವುದು ಅಲ್ಲೇ. ತೂತಿನ ಒಳಗಡೆ ಕೇಬಲ್ಲಿಗೆ ಒಂದು ಗಂಟು ಅಥವಾ ಜಿಪ್ ಟೈ ಹಾಕಿದರೆ ಎಳೆತ ಬೆಸುಗೆಯವರೆಗೆ ಹೋಗುವುದಿಲ್ಲ. ಅಗ್ಗದ ಲ್ಯಾನ್ ಕೇಬಲ್‌ಗಳಲ್ಲಿ ಒಳಗಿರುವುದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅದು ನಾಲ್ಕು ಸಲ ಬಗ್ಗಿದರೆ ಮುರಿಯುತ್ತದೆ, ಬೆಸುಗೆಯೂ ಸರಿಯಾಗಿ ಹಿಡಿಯುವುದಿಲ್ಲ. ಎಳೆಎಳೆಯಾದ ತಾಮ್ರದ ತಂತಿ ಇರುವ ಕೇಬಲ್ ತೆಗೆದುಕೊಳ್ಳಿ. ಇಪ್ಪತ್ತು ಮೀಟರಿಗೆ ತಂತಿಯ ರೆಸಿಸ್ಟೆನ್ಸ್ ಹೋಗಿಬರುವುದೆಲ್ಲ ಸೇರಿ ಕೆಲವೇ ಓಮ್. ಉದ್ದ ಜಾಸ್ತಿಯಾಯಿತು, ಅದಕ್ಕೇ ಸಿಗ್ನಲ್ ಬರುತ್ತಿಲ್ಲ ಎಂಬ ಅನುಮಾನ ಬೇಡ.

ಕೇಬಲ್ ಗಟ್ಟಿಯಾಗಿದ್ದೂ ಒಮ್ಮೊಮ್ಮೆ ಮಾತ್ರ ಕೆಲಸ ಮಾಡುತ್ತಿದ್ದರೆ ಬಟನ್ನಿನ ಒಳಗಿನ ಸಂಪರ್ಕವನ್ನು ಅನುಮಾನಿಸಿ. ಮನೆಬಾಗಿಲಿನ ಕಾಲಿಂಗ್ ಬೆಲ್ ಸ್ವಿಚ್ಚನ್ನೇ ಬಜರಾಗಿ ಬಳಸುವವರಿದ್ದಾರೆ. ಅದು 230 ವೋಲ್ಟಿಗೆ ಮಾಡಿದ್ದು. ಒತ್ತದಿದ್ದಾಗ ಪಿನ್ನನ್ನು 5 ವೋಲ್ಟಿನಲ್ಲಿ ಹಿಡಿದಿಡಲು ನಮ್ಮ ಬೋರ್ಡಿನೊಳಗಿರುವ ರೆಸಿಸ್ಟರ್, ಅಂದರೆ ಪುಲ್‌ಅಪ್ 20ರಿಂದ 50 ಕಿಲೋಓಮ್. 5 ವೋಲ್ಟಿನಲ್ಲಿ ಅದರ ಮೂಲಕ ಹರಿಯುವ ಕರೆಂಟು ಒಂದು ಮಿಲಿಆಂಪಿನ ಹತ್ತರಲ್ಲಿ ಒಂದೆರಡು ಭಾಗ ಅಷ್ಟೇ. ಲೋಹದ ಮೇಲೆ ಕೂತ ಕಿಲುಬಿನ ತೆಳು ಪದರವನ್ನು ದಾಟಲು ಅಷ್ಟು ಸಾಲದು. ಪ್ರತಿ ಇನ್‌ಪುಟ್ಟಿಗೂ 5 ವೋಲ್ಟಿನಿಂದ 1 ಕಿಲೋಓಮ್ ರೆಸಿಸ್ಟರ್ ಹೊರಗಿನಿಂದ ಕೊಡಿ. ಆಗ 5 ಮಿಲಿಆಂಪ್ ಹರಿಯುತ್ತದೆ, ಸಂಪರ್ಕ ಗಟ್ಟಿಯಾಗುತ್ತದೆ. ಒಳಗೆ ಮೈಕ್ರೊಸ್ವಿಚ್ ಇರುವ ಆರ್ಕೇಡ್ ಬಟನ್ ಹಾಕಿದರೆ ಇನ್ನೂ ಒಳ್ಳೆಯದು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದಾಗ ಆರು ಬೇಕಿದ್ದರೆ ಎಂಟು ತನ್ನಿ, ಎಲ್ಲವೂ ಒಂದೇ ಮಾದರಿಯವಾಗಿರಲಿ.

ಆರೂ ತಂಡದ್ದು ಒಟ್ಟಿಗೆ ಸತ್ತಿದ್ದರೆ ಮೊದಲ ಅನುಮಾನ ಯುಎಸ್‌ಬಿ ಕೇಬಲ್ ಮೇಲೆ. ಮೊಬೈಲ್ ಚಾರ್ಜರ್ ಜತೆ ಬಂದ ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ: ಬೋರ್ಡಿನ ದೀಪ ಉರಿಯುತ್ತದೆ, ಲ್ಯಾಪ್‌ಟಾಪಿಗೆ ಮಾತ್ರ ಏನೂ ಕಾಣುವುದಿಲ್ಲ. ಕೇಬಲ್ ಬದಲಿಸಿಯೂ ಡಿವೈಸ್ ಮ್ಯಾನೇಜರ್‌ನಲ್ಲಿ ಹೆಸರಿನ ಪಕ್ಕ ಹಳದಿ ಗುರುತು ಇದ್ದರೆ ಡ್ರೈವರ್ ಇಲ್ಲವೆಂದು ಅರ್ಥ. ಅಗ್ಗದ ನ್ಯಾನೊಗಳಿಗೆ ಸಿಎಚ್340 ಡ್ರೈವರ್ ಬೇಕು. ಶಾಲೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ಹಿಂದಿನ ದಿನವೇ ಹಾಕಿಡಿ. ಬೇರೆ ತೂತಿಗೆ ಚುಚ್ಚಿದರೆ ಕಾಮ್ ಪೋರ್ಟಿನ ಸಂಖ್ಯೆ ಬದಲಾಗಬಹುದು. ಯಾವ ತೂತೆಂದು ಸ್ಟಿಕರ್ ಅಂಟಿಸಿಬಿಡಿ.

ಸದಾ ಒತ್ತಿದಂತೆಯೇ ಇರುವ ಬಜರ್

ಕರೆಂಟು ಕೊಟ್ಟೊಡನೆ ಒಂದು ತಂಡದ ದೀಪ ಹತ್ತಿ ಉಳಿದೆಲ್ಲ ತಂಡಗಳು ಲಾಕ್ ಆದರೆ ಮೈಕ್ರೊಸ್ವಿಚ್ಚಿನ ಮೂರು ಕಾಲುಗಳನ್ನು ನೋಡಿ. ವೈರು ಎನ್‌ಒ ಎಂದು ಬರೆದ, ಒತ್ತಿದಾಗ ಮಾತ್ರ ಸೇರುವ ಕಾಲಿಗೆ ಹೋಗುವ ಬದಲು ಒತ್ತದಿದ್ದಾಗ ಸೇರಿರುವ ಎನ್‌ಸಿಗೆ ಹೋಗಿರುತ್ತದೆ. ನಾಲ್ಕು ಕಾಲಿನ ಸಣ್ಣ ಬಟನ್ ಆದರೆ ಒಳಗೇ ಜೋಡಿಸಿಕೊಂಡಿರುವ ಎರಡು ಕಾಲುಗಳಿಗೆ ಬೆಸುಗೆ ಬಿದ್ದಿರುತ್ತದೆ. ಮೂಲೆಯಿಂದ ಎದುರು ಮೂಲೆಗೆ ಹಾಕಿದರೆ ಯಾವಾಗಲೂ ಸರಿ.

ಒತ್ತದೆಯೇ ಕೂಗುವ ಬಜರ್

ಮೊದಲು ಮೀಟರಿನಿಂದ ಇನ್‌ಪುಟ್ ಪಿನ್ ಅಳೆಯಿರಿ. ಸುಮ್ಮನಿದ್ದಾಗ 5 ವೋಲ್ಟಿನ ಹತ್ತಿರ, ಒತ್ತಿದಾಗ ಸೊನ್ನೆ ಬರಬೇಕು. ಕೈ ಹತ್ತಿರ ತಂದರೆ ಸಾಕು ಅಂಕಿ ಕುಣಿಯುತ್ತದೆ ಎಂದರೆ ಪಿನ್ನಿಗೆ ಪುಲ್‌ಅಪ್ ಇಲ್ಲ. ಪ್ರೋಗ್ರಾಮಿನಲ್ಲಿ ಬರೀ ಇನ್‌ಪುಟ್ ಎಂದು ಬರೆದಿರುತ್ತದೆ, ಇನ್‌ಪುಟ್ ಪುಲ್‌ಅಪ್ ಎಂದಿರಬೇಕು. ಗಟ್ಟಿಯಾಗಿ ಒಂದೂವರೆ ಎರಡು ವೋಲ್ಟಿನಲ್ಲಿ ನಿಂತಿದ್ದರೆ ಅದು 13ನೇ ಪಿನ್ನೇ ಎಂದು ನೋಡಿ. ಹಲವು ಬೋರ್ಡುಗಳಲ್ಲಿ ಆ ಪಿನ್ನಿಗೆ ಬೋರ್ಡಿನ ಮೇಲಿನ ಎಲ್‌ಇಡಿ ನೇರ ಅಂಟಿಕೊಂಡಿರುತ್ತದೆ, ಪುಲ್‌ಅಪ್ಪನ್ನು ಸುಮಾರು 1.7 ವೋಲ್ಟಿಗೆ ಎಳೆದುಬಿಡುತ್ತದೆ. ಬಟನ್ನಿಗೆ ಆ ಪಿನ್ನನ್ನು ಬಳಸಲೇಬೇಡಿ.

ಮನೆಯಲ್ಲಿ ಸರಿಯಿದ್ದು ಸಭಾಂಗಣದಲ್ಲಿ ಮಾತ್ರ ಕೂಗುತ್ತಿದ್ದರೆ ಉದ್ದನೆಯ ಕೇಬಲ್ ಆಂಟೆನಾ ಆಗಿದೆ. ಚೋಕ್ ಇರುವ ಟ್ಯೂಬ್‌ಲೈಟ್ ಹತ್ತಿದಾಗ, ಫ್ಯಾನ್ ರೆಗ್ಯುಲೇಟರ್ ತಿರುಗಿಸಿದಾಗ, ಹಿಂದಿನ ಶೆಡ್ಡಿನಲ್ಲಿ ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಎತ್ತಿದಾಗ ಕೂಗುತ್ತದೆಯೇ ಎಂದು ಒಬ್ಬರನ್ನು ಸ್ವಿಚ್ ಹತ್ತಿರ ನಿಲ್ಲಿಸಿ ನೋಡಿ. ನಮ್ಮ ಕಡೆ ಬೋರ್‌ವೆಲ್ ಇಲ್ಲದ ಶಾಲೆ ಅಪರೂಪ, ತ್ರೀಫೇಸ್ ಬಂದ ಕೂಡಲೇ ಮೋಟರ್ ಎದ್ದೇಳುತ್ತದೆ. ಹೀಗಾಗಿ ಈ ಪರೀಕ್ಷೆಯನ್ನು ಬಿಡಬಾರದು. ಪರಿಹಾರ ಮೂರು ಕಡೆ ಇದೆ. ಲ್ಯಾನ್ ಕೇಬಲ್ಲಿನಲ್ಲಿ ಹೆಣೆದುಕೊಂಡ ಒಂದೊಂದು ಜೋಡಿಯ ಒಂದು ಎಳೆ ಸಿಗ್ನಲ್ಲಿಗೆ, ಅದರ ಜೋಡಿ ಎಳೆಯೇ ಗ್ರೌಂಡಿಗೆ ಹೋಗಬೇಕು. ನೀಲಿಯನ್ನು ಸಿಗ್ನಲ್ಲಿಗೂ ಕಂದನ್ನು ಗ್ರೌಂಡಿಗೂ ಕೊಟ್ಟರೆ ಹೆಣಿಗೆಯ ಪ್ರಯೋಜನವೇ ಇಲ್ಲ. ಮೇಲೆ ಹೇಳಿದ 1 ಕಿಲೋಓಮ್ ಪುಲ್‌ಅಪ್ ಇಲ್ಲೂ ಕೆಲಸಕ್ಕೆ ಬರುತ್ತದೆ. ಮೂರನೆಯದು, ಡಬ್ಬಿಯೊಳಗೆ ಪ್ರತಿ ಇನ್‌ಪುಟ್ಟಿನಿಂದ ಗ್ರೌಂಡಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್.

ಇಷ್ಟಾದರೂ ನಿಲ್ಲದಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ನಿಂತಿತೇ? ಹಾಗಾದರೆ ತೊಂದರೆ ಅರ್ತಿಂಗಿನದು. ಲ್ಯಾಪ್‌ಟಾಪಿನ ಸೌಂಡು ಮೈಕ್‌ಸೆಟ್ಟಿಗೂ ಹೋಗುತ್ತಿದ್ದರೆ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟು ಕೊಟ್ಟು ಮತ್ತೆ ನೋಡಿ.

ಬಜರ್ ಕೂಗಿದ ಕ್ಷಣವೇ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ ಕಿತ್ತು ಮತ್ತೆ ಚುಚ್ಚಿದಾಗಿನ ಸದ್ದು ಬರುತ್ತಿದ್ದರೆ ಅದು ಬೇರೆ ರೋಗ. ಹೂಟರನ್ನೋ ಬಲ್ಬನ್ನೋ ನೇರ ಬೋರ್ಡಿನಿಂದ ಓಡಿಸುತ್ತಿದ್ದೀರಿ, ಬೋರ್ಡು ಬಸವಳಿದು ರೀಸೆಟ್ ಆಗುತ್ತಿದೆ. ಊನೊದ ಒಂದು ಪಿನ್ನಿನಿಂದ 20 ಮಿಲಿಆಂಪ್ ಮೀರಿ ಎಳೆಯಬಾರದು, 40 ದಾಟಿದರೆ ಚಿಪ್ಪೇ ಹೋಗಬಹುದು. ಹೂಟರಿಗೆ ಬೇರೆ 12 ವೋಲ್ಟ್ ಅಡಾಪ್ಟರ್, ನಡುವೆ ರಿಲೇ, ರಿಲೇ ಕಾಯಿಲಿಗೆ ಅಡ್ಡಲಾಗಿ 1ಎನ್4007 ಡಯೋಡ್, ಅದರ ಬಿಳಿ ಪಟ್ಟಿ ಪ್ಲಸ್ ಕಡೆಗೆ. ಮಕ್ಕಳ ಮೇಜಿನ ತನಕ 230 ವೋಲ್ಟ್ ಒಯ್ಯುವ ಯೋಚನೆಯನ್ನು ಯಾರೇ ಹೇಳಿದರೂ ಒಪ್ಪಬೇಡಿ.

ತಪ್ಪು ತಂಡದ ದೀಪ

ಇದಕ್ಕೆ ಪರೀಕ್ಷೆ ಸರಳ. ಎರಡು ತಂಡಗಳ ಇನ್‌ಪುಟ್ಟುಗಳನ್ನು ಒಂದೇ ಬಟನ್ನಿಗೆ ಜೋಡಿಸಿ ಐವತ್ತು ಸಲ ಒತ್ತಿ, ಯಾರ ಹೆಸರು ಬಂತೆಂದು ಗೀಟು ಹಾಕುತ್ತಾ ಹೋಗಿ. ಎರಡೂ ಒಂದೇ ಕ್ಷಣಕ್ಕೆ ಒತ್ತಿದಂತೆ, ಆದ್ದರಿಂದ ಗೆಲುವು ಹೆಚ್ಚುಕಮ್ಮಿ ಹಂಚಿಹೋಗಬೇಕು, ಇಲ್ಲವೇ ಡಬ್ಬಿ 'ಸಮ' ಎಂದು ತೋರಿಸಬೇಕು. ಐವತ್ತರಲ್ಲಿ ಐವತ್ತೂ ಒಂದೇ ತಂಡಕ್ಕೆ ಹೋದರೆ ನಿಮ್ಮ ಡಬ್ಬಿಗೆ ಪಕ್ಷಪಾತವಿದೆ. ಹೀಗೆ ಎಲ್ಲ ಜೋಡಿಗಳನ್ನೂ ನೋಡಿ.

ಪಕ್ಷಪಾತ ಬರುವುದು ಹೇಗೆ? ಸಾಮಾನ್ಯ ಪ್ರೋಗ್ರಾಂ ಒಂದನೇ ತಂಡದ ಪಿನ್ ಓದುತ್ತದೆ, ಆಮೇಲೆ ಎರಡನೆಯದು, ಹೀಗೆ ಆರರವರೆಗೆ, ಮತ್ತೆ ಒಂದಕ್ಕೆ. ಒಂದು ಪಿನ್ ಓದಲು ಊನೊಗೆ ನಾಲ್ಕೈದು ಮೈಕ್ರೊಸೆಕೆಂಡು ಸಾಕು. ಬರೀ ಓದುವುದಷ್ಟೇ ಇದ್ದರೆ ಪೂರಾ ಸುತ್ತು ಸುಮಾರು ಮೂವತ್ತು ಮೈಕ್ರೊಸೆಕೆಂಡಿನಲ್ಲಿ ಮುಗಿಯುತ್ತದೆ, ಅಷ್ಟು ಸಣ್ಣ ಅಂತರದಲ್ಲಿ ಇಬ್ಬರು ಮಕ್ಕಳು ಒತ್ತುವುದು ತೀರಾ ಅಪರೂಪ. ಅನ್ಯಾಯ ಶುರುವಾಗುವುದು ಆ ಸುತ್ತಿನೊಳಗೆ ಬೇರೆ ಕೆಲಸ ತುರುಕಿದಾಗ. ಬಟನ್ನಿನ ಪುಟಿತ (ಒತ್ತಿದಾಗ ಸಂಪರ್ಕ ಬಿಟ್ಟು ಹಿಡಿದು ಮಾಡುವುದು) ತಡೆಯಲೆಂದು ಪ್ರತಿ ಪಿನ್ನಿಗೂ 10 ಮಿಲಿಸೆಕೆಂಡಿನ ಡಿಲೇ ಹಾಕಿರುತ್ತಾರೆ. ಆರು ಪಿನ್ನಿಗೆ 60 ಮಿಲಿಸೆಕೆಂಡು ಆಯಿತು. ಪರದೆಗೆ ಏನಾಗುತ್ತಿದೆ ಎಂದು ತೋರಿಸಲು ಪ್ರತಿ ಸುತ್ತಿನಲ್ಲೂ ಸೀರಿಯಲ್ ಪ್ರಿಂಟ್ ಇರುತ್ತದೆ. 9600 ವೇಗದಲ್ಲಿ ಒಂದೊಂದು ಅಕ್ಷರ ಸುಮಾರು ಒಂದು ಮಿಲಿಸೆಕೆಂಡು ತಿನ್ನುತ್ತದೆ. ಎಲ್‌ಸಿಡಿ ಇದ್ದರೆ ಅದರದ್ದು ಇನ್ನಷ್ಟು. ಈಗ ನಾಲ್ಕನೇ ತಂಡ ನಿಜವಾಗಿ 40 ಮಿಲಿಸೆಕೆಂಡು ಮೊದಲು ಒತ್ತಿದ್ದರೂ, ಓದುವ ಸರದಿ ಒಂದನೇ ತಂಡದ್ದು ಮೊದಲು ಬಂದರೆ ಗೆಲ್ಲುವುದು ಒಂದನೇ ತಂಡ. ಸದ್ದು ಕೇಳಿ ಕೈ ಆಡಿಸಲು ಮನುಷ್ಯನಿಗೆ ಹೆಚ್ಚುಕಮ್ಮಿ 200 ಮಿಲಿಸೆಕೆಂಡು ಬೇಕು. ಎಲ್ಲರಿಗೂ ಉತ್ತರ ಗೊತ್ತಿರುವ ಪ್ರಶ್ನೆಯಲ್ಲಿ ತಂಡಗಳ ನಡುವಿನ ಅಂತರ ಹತ್ತಿಪ್ಪತ್ತು ಮಿಲಿಸೆಕೆಂಡು ಇರುವುದು ಸಾಮಾನ್ಯವೇ. ಆ ಅಂತರವನ್ನು ಡಬ್ಬಿಯೇ ನುಂಗಿಹಾಕಬಾರದು.

ಸರಿಪಡಿಸುವುದು ಹೀಗೆ. ಆರೂ ಬಟನ್ನುಗಳನ್ನು ಊನೊದ ಎ0ಯಿಂದ ಎ5ರವರೆಗಿನ ಪಿನ್ನುಗಳಿಗೆ ತನ್ನಿ. ಇವಿಷ್ಟೂ ಚಿಪ್ಪಿನ ಒಂದೇ ಪೋರ್ಟಿನವು, ಪೋರ್ಟ್ ಸಿ. ಎಲ್ಲ ಪಿನ್ನುಗಳ ಸ್ಥಿತಿಯೂ ಒಟ್ಟಿಗೆ ಇರುವ ಅದರ ರಿಜಿಸ್ಟರನ್ನು ಒಂದೇ ಸಲಕ್ಕೆ ಓದಿದರೆ ಆರೂ ತಂಡಗಳ ಸ್ಥಿತಿ ಒಂದೇ ಕ್ಷಣದ್ದು ಸಿಗುತ್ತದೆ, ಮೊದಲು ಓದಿದವರು ಆಮೇಲೆ ಓದಿದವರು ಎಂಬುದೇ ಇರುವುದಿಲ್ಲ. ಎರಡು ಬಿಟ್‌ಗಳು ಒಟ್ಟಿಗೆ ಇಳಿದಿದ್ದರೆ 'ಸಮ' ಎಂದು ಘೋಷಿಸಿ, ಪ್ರಶ್ನೆಯನ್ನು ಇಬ್ಬರಿಗೂ ಕೊಡುವುದೋ ಬಿಡುವುದೋ ಮೇಷ್ಟ್ರ ನಿರ್ಧಾರ. ಸುತ್ತಿನೊಳಗಿನ ಎಲ್ಲ ಡಿಲೇ, ಪ್ರಿಂಟ್, ಎಲ್‌ಸಿಡಿ ಕೆಲಸಗಳನ್ನು ಗೆದ್ದವರು ಗೊತ್ತಾದ ಮೇಲಕ್ಕೆ ತಳ್ಳಿ.

ಬಟನ್ನಿನ ಪುಟಿತದ ಬಗ್ಗೆ ಬಹಳ ಜನ ಸುಮ್ಮನೆ ಹೆದರುತ್ತಾರೆ. ಬಟನ್ ಮುಚ್ಚಿಕೊಂಡ ಮೇಲೆ ಸಂಪರ್ಕ ಕೆಲವು ಮಿಲಿಸೆಕೆಂಡು ಬಿಟ್ಟು ಹಿಡಿದು ಮಾಡುವುದು ನಿಜ. ಆದರೆ ನಮಗೆ ಬೇಕಿರುವುದು ಮೊದಲ ಮುಟ್ಟು ಮಾತ್ರ. ಅದು ಕಂಡ ಕೂಡಲೇ ಲಾಕ್ ಮಾಡಿದರೆ ಆಮೇಲೆ ಎಷ್ಟು ಪುಟಿದರೂ ಲೆಕ್ಕಕ್ಕಿಲ್ಲ. ಕರೆಂಟಿನ ಗದ್ದಲದ ಭಯವಿದ್ದರೆ ಮೊದಲ ಮುಟ್ಟಿನ ಸಮಯವನ್ನು ಬರೆದಿಟ್ಟುಕೊಂಡು, ಮುಂದಿನ ಹತ್ತು ಮಿಲಿಸೆಕೆಂಡಿನಲ್ಲಿ ಬಟನ್ ಒತ್ತಿಯೇ ಇದೆ ಎಂದು ಖಾತ್ರಿಯಾದರೆ ಮಾತ್ರ ಆ ಸಮಯವನ್ನು ಮಾನ್ಯ ಮಾಡಿ. ಅಷ್ಟರಲ್ಲಿ ಬೇರೆಯವರು ಒತ್ತಿದರೆ ಅವರ ಸಮಯವನ್ನೂ ಬರೆದುಕೊಳ್ಳಿ. ಗೆಲುವು ತೀರ್ಮಾನವಾಗಬೇಕಾದ್ದು ಮೊದಲ ಮುಟ್ಟಿನ ಸಮಯದಿಂದ, ಖಾತ್ರಿಯಾದ ಸಮಯದಿಂದಲ್ಲ.

ಹಳೆ ಕೀಬೋರ್ಡಿನ ಬೋರ್ಡು ಬಳಸಿದವರಿಗೆ ಇನ್ನೊಂದು ತೊಡಕಿದೆ. ಕೀಬೋರ್ಡಿನ ಒಳಗೆ ಕೀಲಿಗಳು ಅಡ್ಡಸಾಲು ಉದ್ದಸಾಲುಗಳ ಬಲೆಯಲ್ಲಿ ಕೂತಿರುತ್ತವೆ. ಚೌಕದ ಮೂರು ಮೂಲೆಯ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯದೂ ಒತ್ತಿದಂತೆ ಬೋರ್ಡಿಗೆ ಕಾಣುತ್ತದೆ. ಆ ಗೊಂದಲ ತಪ್ಪಿಸಲು ಹಲವು ಕೀಬೋರ್ಡುಗಳು ಮೂರನೇ ಕೀಲಿಯನ್ನೇ ನುಂಗುತ್ತವೆ. ಇಬ್ಬರು ಬಟನ್ ಮೇಲೆ ಕೈಯಿಟ್ಟು ಕೂತರೆ ಮೂರನೇ ತಂಡ ಎಷ್ಟು ಕುಟ್ಟಿದರೂ ಬರುವುದಿಲ್ಲ. ಆರೂ ತಂಡದ ಒಂದೊಂದು ವೈರನ್ನು ಬೋರ್ಡಿನ ಒಂದೇ ಗೆರೆಗೆ ಸೇರಿಸಿ, ಇನ್ನೊಂದು ವೈರನ್ನು ಬೇರೆ ಬೇರೆ ಗೆರೆಗೆ ಕೊಡಿ. ಒಂದೇ ಸಾಲಿನಲ್ಲಿ ಚೌಕ ಕಟ್ಟುವುದಿಲ್ಲವಾದ್ದರಿಂದ ಈ ಕಾಟ ಇರುವುದಿಲ್ಲ. ಆದರೂ ಸಾಮಾನ್ಯ ಕೀಬೋರ್ಡು ಲ್ಯಾಪ್‌ಟಾಪಿಗೆ ಸುದ್ದಿ ಕೊಡುವುದು ಎಂಟೋ ಹತ್ತೋ ಮಿಲಿಸೆಕೆಂಡಿಗೊಮ್ಮೆ. ಅಷ್ಟರೊಳಗೆ ಇಬ್ಬರು ಒತ್ತಿದರೆ ಯಾರು ಮೊದಲೆಂಬುದು ಅದಕ್ಕೇ ತಿಳಿಯದು. ತರಗತಿಯೊಳಗಿನ ಆಟಕ್ಕೆ ಇದು ಸಾಕು. ತಾಲ್ಲೂಕು ಮಟ್ಟದ ಸ್ಪರ್ಧೆಗೆ ಇದನ್ನು ಒಯ್ಯಬೇಡಿ. ಗೆದ್ದವರನ್ನು ತಾನೇ ತೀರ್ಮಾನಿಸಿ ಒಂದೇ ಹೆಸರು ಕಳಿಸುವ ಆರ್ಡುಯಿನೊ ಡಬ್ಬಿಯೇ ಬೇಕು.

ಲ್ಯಾಪ್‌ಟಾಪಿನೊಳಗಿನ ಕಾಟ

ಪವರ್‌ಪಾಯಿಂಟಿನಲ್ಲಿ ಪ್ರಶ್ನೆ ತೋರಿಸುತ್ತಾ ಕೀಬೋರ್ಡ್ ಬಗೆಯ ಬಜರ್ ಬಳಸುವವರು ತಂಡಗಳಿಗೆ ಎ, ಬಿ, ಸಿ ಎಂಬ ಅಕ್ಷರಗಳನ್ನೇ ಕೊಟ್ಟಿರುತ್ತಾರೆ. ಸ್ಲೈಡ್ ಶೋ ನಡೆಯುವಾಗ ಬಿ ಕೀಲಿ ಒತ್ತಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ. ಅದು ಪವರ್‌ಪಾಯಿಂಟಿನ ನಿಯಮ; ಪ್ರೊಜೆಕ್ಟರ್ ಕೆಟ್ಟಿಲ್ಲ. ಡಬ್ಲ್ಯೂ ಒತ್ತಿದರೆ ಬಿಳಿ, ಎನ್ ಒತ್ತಿದರೆ ಮುಂದಿನ ಸ್ಲೈಡು. ಬಜರ್ ಪ್ರೋಗ್ರಾಂ ಮುಂದಿನ ಕಿಟಕಿಯಲ್ಲಿ ಇಲ್ಲದಿದ್ದರೆ ಕೀಲಿ ಹೋಗಿ ಬೀಳುವುದೇ ಬೇರೆ ಕಡೆ. ಸ್ಲೈಡಿಗೊಂದು, ಬಜರಿಗೊಂದು ಲ್ಯಾಪ್‌ಟಾಪ್ ಇಟ್ಟುಕೊಂಡರೆ ಈ ತಲೆನೋವೇ ಇರುವುದಿಲ್ಲ.

ಶಾಲೆಯ ಕಚೇರಿಯ ಲ್ಯಾಪ್‌ಟಾಪಿನಲ್ಲಿ ನುಡಿಯೋ ವಿಂಡೋಸಿನ ಕನ್ನಡ ಕೀಲಿಮಣೆಯೋ ಆನ್ ಆಗಿರುವುದು ಮಾಮೂಲು. ಇಂಗ್ಲಿಷ್ ಅಕ್ಷರಕ್ಕೆ ಕಾಯುತ್ತಿರುವ ಪ್ರೋಗ್ರಾಮಿಗೆ ಕನ್ನಡ ಅಕ್ಷರ ಹೋಗಿ ಅದು ಸುಮ್ಮನಿರುತ್ತದೆ. ಶುರು ಮಾಡುವ ಮೊದಲು ಇಂಗ್ಲಿಷಿಗೆ ಬದಲಿಸಿ. ಶಿಫ್ಟ್, ಆಲ್ಟ್ ಕೀಲಿಗಳನ್ನು ತಂಡಗಳಿಗೆ ಕೊಡಲೇಬೇಡಿ: ಎರಡನ್ನೂ ಒಟ್ಟಿಗೆ ಒತ್ತಿದರೆ ಭಾಷೆಯೇ ಬದಲಾಗಬಹುದು, ಶಿಫ್ಟನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಕೇಳುತ್ತದೆ, ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡು ಒತ್ತಿಹಿಡಿದರೆ ಫಿಲ್ಟರ್ ಕೀಸ್ ಏಳುತ್ತದೆ.

ಒಂದು ಸುತ್ತು ಮುಗಿದು ಅತಿಥಿಗಳ ಭಾಷಣವಾಗಿ ಮತ್ತೆ ಶುರುಮಾಡಿದಾಗ ಬಜರ್ ಸತ್ತಿದ್ದರೆ ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಬಳಸದಿರುವ ಯುಎಸ್‌ಬಿಯನ್ನು ಮಲಗಿಸುವ ಸೌಲಭ್ಯ) ನಿಲ್ಲಿಸಿ. ಸೀರಿಯಲ್ ಪೋರ್ಟ್ ತೆರೆದಾಗೆಲ್ಲ ಊನೊ ರೀಸೆಟ್ ಆಗಿ ಒಂದೆರಡು ಸೆಕೆಂಡು ಕಿವುಡಾಗಿರುತ್ತದೆ. ಅಷ್ಟು ಹೊತ್ತು ಕಾದು ಆಮೇಲೆ ಪರೀಕ್ಷಿಸಿ.

ಪ್ರೊ ಮೈಕ್ರೊದಲ್ಲಿ ತಪ್ಪು ಪ್ರೋಗ್ರಾಂ ಹೋಗಿ ಅದು ನಿಲ್ಲದೆ ಟೈಪ್ ಮಾಡುತ್ತಿದ್ದರೆ ರೀಸೆಟ್ ಪಿನ್ನನ್ನು ಗ್ರೌಂಡಿಗೆ ಬೇಗ ಬೇಗ ಎರಡು ಸಲ ಮುಟ್ಟಿಸಿ. ಸುಮಾರು ಎಂಟು ಸೆಕೆಂಡು ಅದು ಸುಮ್ಮನಿರುತ್ತದೆ, ಅಷ್ಟರಲ್ಲಿ ಹೊಸ ಪ್ರೋಗ್ರಾಂ ಹಾಕಬೇಕು. ಮುಂದೆ ಹೀಗಾಗದಂತೆ, ಒಂದು ಸ್ವಿಚ್ ಆನ್ ಇದ್ದರೆ ಮಾತ್ರ ಕೀಲಿ ಕಳಿಸುವ ಹಾಗೆ ಪ್ರೋಗ್ರಾಂ ಬರೆಯಿರಿ.

ಸ್ಪರ್ಧೆಯ ದಿನ

ಮಕ್ಕಳು ಕೂರುವ ಮೊದಲು ಸಭಾಂಗಣದಲ್ಲೇ, ಅಲ್ಲಿನ ಲೈಟು, ಫ್ಯಾನು, ಮೈಕ್‌ಸೆಟ್ ಎಲ್ಲ ಹಾಕಿ, ಆರೂ ಬಟನ್ನುಗಳನ್ನು ಒಂದೊಂದಾಗಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಒತ್ತಿಸಿ ನೋಡಿ. ಇನ್‌ವರ್ಟರ್ ಇದ್ದರೆ ಮೇನ್ ಆಫ್ ಮಾಡಿ ಅದರ ಮೇಲೂ ಒಮ್ಮೆ. ಒಂದು ಬಟನ್, ಒಂದು ಕೇಬಲ್, ಪ್ರೋಗ್ರಾಂ ಹಾಕಿಟ್ಟ ಒಂದು ಬೋರ್ಡು ಚೀಲದಲ್ಲಿ ಹೆಚ್ಚಿಗೆ ಇರಲಿ.

ಗೆದ್ದ ತಂಡದ ಹೆಸರಷ್ಟೇ ತೋರಿಸದೆ, ಆರೂ ತಂಡಗಳು ಒತ್ತಿದ ಸಮಯವನ್ನು ಮಿಲಿಸೆಕೆಂಡಿನಲ್ಲಿ ಸಾಲಾಗಿ ಪರದೆಗೆ ಹಾಕಿ, ಪ್ರಶ್ನೆಯ ಸಂಖ್ಯೆಯೊಂದಿಗೆ ಒಂದು ಫೈಲಿಗೂ ಬರೆಸಿ. "ನಾವೇ ಮೊದಲು" ಎಂದು ಬಂದ ಮಕ್ಕಳಿಗೆ ಆ ಸಾಲನ್ನು ತೆರೆದು ತೋರಿಸಿ: ನಿಮ್ಮದು 212, ಅವರದ್ದು 204.